ಖಾಲಿ ಉಳಿದ ಮೂರನೆಯ ಅಂಕಣ

“ಮಾತು ಬಾರದ ಬಾಯಲ್ಲಿ ಮಾತು ಮೂಡಿಸಿದ ಮಹಾತಾಯಿ ಇನ್ನಿಲ್ಲ. ಕೇವಲ ಪ್ರೀತಿಯಿಂದ ಒಬ್ಬ ಕಿವುಡ ಬಾಲಕನಿಗೆ ಕನ್ನಡ ನುಡಿ ಕಲಿಸಿ, ರಾಜ್ಯೋತ್ಸವದ ವೇದಿಕೆಯ ಮೇಲೆ ಅವನು ತನ್ನ ಹೆಸರನ್ನು ತಾನೇ ಹೇಳುವಂತೆ ಮಾಡಿದ ಅವರು, ಅದೇ ಸಾಧನೆಗಾಗಿ ಚಿನ್ನದ ಪದಕದೊಂದಿಗೆ ಸ್ನಾತಕೋತ್ತರ ಪದವಿಯನ್ನೂ ಪಡೆದರು.”

ಕಳೆದ ತಿಂಗಳು ದುಬೈಯಲ್ಲಿ ನಮ್ಮ ಕನ್ನಡ ಸಂಘದವರು ನಡೆಸಿದ ಶೋಕಸಭೆಯಲ್ಲಿ ಓದಿದ ಸಂತಾಪ ನಿರ್ಣಯದ ಮಾತುಗಳಿವು. ಇಷ್ಟರಲ್ಲಿ ನಿಜವಾದದ್ದು ಅವರು ಇನ್ನಿಲ್ಲ ಎಂಬುದೊಂದೇ. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದ ಅವರು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಉಳಿದುದೆಲ್ಲ ಸುಳ್ಳು, ಅಥವಾ ಸುಳ್ಳಿಗಿಂತ ಕೆಟ್ಟದ್ದಾದ ಅರೆಸತ್ಯ.

ನಿರ್ಣಯದ ಬೆನ್ನಿಗೇ ಅಧ್ಯಕ್ಷ ಶೆಟ್ಟರು ಇನ್ನೊಂದು ಘೋಷಣೆ ಮಾಡಿದರು. ಈ ವರ್ಷದಿಂದ ಟೀಚರ್ ಹೆಸರಿನಲ್ಲಿ ಒಂದು ಪ್ರಶಸ್ತಿ. ಕಿವಿ ಕೇಳದ ಮಕ್ಕಳಲ್ಲಿ ಅತ್ಯಂತ ಸ್ಪಷ್ಟವಾಗಿ ಮಾತನಾಡುವ ಮಗುವಿಗೆ ಅದು ಸಲ್ಲಬೇಕು. ಮೊದಲ ಪ್ರಶಸ್ತಿಯನ್ನು ಕೊಡಲು ಅಂದಿನ ಬಾಲಕ ಪವನನನ್ನೇ ಕರೆಸುವುದು. ಅವನು ಅಂದಿನಂತೆಯೇ ಕೈಕಟ್ಟಿ ನಿಂತು ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳುವುದು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ.

“ಸ್ವಲ್ಪ ನಿಲ್ಲಿ. ಇದಕ್ಕೆಲ್ಲ ಆಧಾರ ಎಂತ ಉಂಟು?”

“ಇದಾ, ದಾಖಲೆ ರಾಯರು ಎದ್ರು,” ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

“ರಾಯರೇ, ಶೋಕಸಭೆಯಲ್ಲಿಯಾದ್ರೂ ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ,” ಎಂದರು ಶೆಟ್ಟರು. “ಆಧಾರಕ್ಕೆ ದೂರ ಹೋಗ್ಬೇಕಾ? ನಮ್ಮದೇ ಸ್ಮರಣ ಸಂಚಿಕೆಯಲ್ಲಿ ಉಂಟಲ್ಲ. ಬರೆದದ್ದು ನೀವೇ ಅಲ್ವಾ?”

ಕುಳಿತುಕೊಂಡೆ. ‘ಮಾತು ಬಾರದ ಬಾಯಲ್ಲಿ ಮಾತು ಮೂಡಿಸಿದ ಮಹಾತಾಯಿ’ ಎಂಬ ಆರು ಪದಗಳು ಹನ್ನೆರಡು ವರ್ಷಗಳ ಹಿಂದೆ ನಾನೇ ಬರೆದು, ನಾನೇ ಟೈಪು ಮಾಡಿ, ನಾನೇ ಕರಡು ತಿದ್ದಿದವು. ಊರವರ ಮಾತಿಗೆಲ್ಲ ಆಧಾರ ಕೇಳುತ್ತ ಮುದುಕನಾದವನು ನಾನು. ಈ ಸಲ ಹುಡುಕಿಕೊಂಡು ಹೋದ ಸುಳ್ಳಿನ ಬುಡದಲ್ಲಿ ನನ್ನದೇ ಹೆಸರಿತ್ತು.

ಈ ಬರಹ ಅದಕ್ಕಾಗಿ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಇಂಗ್ಲಿಷನ್ನು ಹಳೆಯ ಪತ್ರಿಕೆಗಳಿಂದಲೂ ಅರಬ್ಬಿಯನ್ನು ಸರ್ಕಾರಿ ಅರ್ಜಿಗಳಿಂದಲೂ ಕಲಿತೆ. ದುಬೈಯ ದೇರಾ ಪೇಟೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಸೆಂಟರ್ ನಡೆಸಿದೆ. ವೀಸಾದ ಅರ್ಜಿ, ಕಾರ್ಮಿಕ ಕಚೇರಿಗೆ ದೂರು, ಮನೆ ಬಾಡಿಗೆಯ ಕರಾರು, ಎಲ್ಲವೂ ನನ್ನ ಬೆರಳುಗಳ ಮೂಲಕವೇ ಹಾದುಹೋದವು. ಜನರು ಹೇಳುವುದಕ್ಕೂ ಕಾಗದ ಹೇಳುವುದಕ್ಕೂ ಇರುವ ಅಂತರವನ್ನು ದಿನವೂ ನೋಡುತ್ತಿದ್ದವನಿಗೆ ಸಂಶಯವೇ ಸ್ವಭಾವವಾದದ್ದು ಅಚ್ಚರಿಯಲ್ಲ.

ಟೀಚರ್ ನನ್ನ ಅಂಗಡಿಗೆ ಮೊದಲು ಬಂದದ್ದು ತಮ್ಮ ಪ್ರಮಾಣಪತ್ರಗಳನ್ನು ಅರಬ್ಬಿಗೆ ಅನುವಾದ ಮಾಡಿಸಲು. ಕಾರ್ಕಳದ ಕಡೆಯವರು. ಬಿಳಿ ಸಲ್ವಾರ್, ಎಣ್ಣೆ ಹಚ್ಚಿ ಬಿಗಿದ ಜಡೆ, ನಲವತ್ತರ ಆಸುಪಾಸಿನ ವಯಸ್ಸು. ದೇರಾದ ಹಳೆಯ ಕಟ್ಟಡವೊಂದರಲ್ಲಿ ಇನ್ನಿಬ್ಬರು ಹೆಂಗಸರೊಡನೆ ಒಂದು ಕೋಣೆಯಲ್ಲಿದ್ದರು. ಊರಾಚೆಯ ಮಿರ್ದಿಫ್ ಬಡಾವಣೆಯಲ್ಲಿ ಒಂದು ವಿಲ್ಲಾದೊಳಗೆ ನಡೆಯುತ್ತಿದ್ದ ವಿಶೇಷ ಮಕ್ಕಳ ಕೇಂದ್ರದಲ್ಲಿ ಕೆಲಸ. ನಾನು ಪರದೆಯ ಕಡೆ ತಿರುಗಿಕೊಂಡೇ, “ಕೂತ್ಕೊಳ್ಳಿ, ಹೆಸರು ಹೇಳಿ,” ಎಂದೆ. ಎರಡನೆಯ ಸಲ ಕೇಳಿದಾಗ ಬೆನ್ನ ಹಿಂದಿನಿಂದ ತಣ್ಣಗಿನ ದನಿಯೊಂದು ಬಂತು.

“ಮುಖ ಕೊಟ್ಟು ಮಾತಾಡಿ. ನನ್ನ ಕ್ಲಾಸಿನ ಮಕ್ಕಳಾಗಿದ್ರೆ ನೀವು ಕೇಳಿದ್ದು ಅವರಿಗೆ ಗೋಡೆ ಕೇಳಿದ ಹಾಗೆ.”

ಪ್ರೀತಿಯ ಮೂರ್ತಿ ಎಂದು ಈಗ ಹೇಳುವವರು ಅವರ ಎದುರು ಒಮ್ಮೆಯೂ ಕುಳಿತಿರಲಾರರು. ಅವರು ಸಿಡುಕಿನವರು. ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿಯೇ ನಿಲ್ಲುವರು. ತುಟಿಗಳನ್ನು ಒಂದೊಂದು ಅಕ್ಷರಕ್ಕೂ ಪೂರ್ತಿ ತೆರೆದು ಮುಚ್ಚುವರು. ಕೈಗಳು ಮಾತ್ರ ಸದಾ ಬೆನ್ನ ಹಿಂದೆ. ನಾನು ಕಾರಣ ಕೇಳಿದೆ.

“ಕೈ ಆಡಿದ್ರೆ ಮಗು ಕೈ ನೋಡ್ತದೆ, ತುಟಿ ನೋಡುದಿಲ್ಲ. ತುಟಿ ನೋಡದಿದ್ರೆ ಮಾತು ಬರುದಿಲ್ಲ. ನಮಗೆ ಕಲಿಸಿದ್ದೇ ಹಾಗೆ.”

ಮಕ್ಕಳಿಗೂ ಅದೇ ನಿಯಮ. ನಮ್ಮ ಊರಿನ ಶಾಲೆಗಳಲ್ಲಿ ಒಳ್ಳೆಯ ಹುಡುಗನ ಗುರುತೇನು? ಕೈಕಟ್ಟಿ ಕುಳಿತಿರುವುದು. ನಾನೂ ಏಳು ವರ್ಷ ಹಾಗೆಯೇ ಕುಳಿತೆ. ಇದನ್ನು ಓದುತ್ತಿರುವ ನೀವೂ ಕುಳಿತಿರುತ್ತೀರಿ. ಕಿವಿ ಕೇಳುವ ನಮಗೆ ಅದರಿಂದ ಏನೂ ಆಗಲಿಲ್ಲ. ಆ ಶಿಸ್ತನ್ನೇ ಅವರು ಮಿರ್ದಿಫ್‌ನ ತರಗತಿಗೆ ತಂದಿದ್ದರು. ಎಡಗೈ ಬಲಗಂಕುಳಿಗೆ, ಬಲಗೈ ಎಡಗಂಕುಳಿಗೆ. ಯಾವ ಮಗುವಾದರೂ ಕೈ ಬಿಡಿಸಿ ಏನಾದರೂ ತೋರಿಸಿದರೆ ಟೀಚರ್ ಹೋಗಿ ಮತ್ತೆ ಕಟ್ಟಿಸುವರು. ನೋಡಿದವರೆಲ್ಲ ಮೆಚ್ಚಿದರು. ನಾನೂ ಮೆಚ್ಚಿದೆ.

ಪವನ್ ಐದನೆಯ ವಯಸ್ಸಿನಲ್ಲಿ ಅವರ ಕೈಗೆ ಬಂದ. ಹುಟ್ಟು ಕಿವುಡು, ಕಿವಿಯ ಯಂತ್ರದಿಂದಲೂ ಅವನಿಗೆ ಏನೂ ದಕ್ಕಲಿಲ್ಲ. ಉಡುಪಿ ಕಡೆಯವರಾದ ಅವನ ತಂದೆ ಕಾರ್ಗೋ ಕಂಪನಿಯೊಂದರಲ್ಲಿದ್ದರು. ಟೀಚರ್ ಅವನ ಮೂಗಿನ ಮುಂದೆ ಕಾಗದದ ಒಂದು ಪಟ್ಟಿ ಹಿಡಿದು ‘ಪ’ ಎನ್ನಿಸುವರು. ಪಟ್ಟಿ ಅಲುಗಿದರೆ ಸರಿ. ಅವನ ಅಂಗೈಯನ್ನು ತಮ್ಮ ಗಂಟಲಿನ ಮೇಲಿಟ್ಟು ‘ನ’ ಎನ್ನಿಸುವರು, ಅದುರಿದರೆ ಸರಿ. ಹೀಗೆ ನಾಲ್ಕು ವರ್ಷ. ಒಂಬತ್ತನೆಯ ವಯಸ್ಸಿನಲ್ಲಿ ಅವನು ರಾಜ್ಯೋತ್ಸವದ ವೇದಿಕೆ ಹತ್ತಿ, ಕೈಕಟ್ಟಿ ನಿಂತು, “ನನ್ನ ಹೆಸರು ಪವನ್” ಎಂದ.

ಕಿವಿ ಕೇಳುವ ನಮ್ಮ ಮಕ್ಕಳೇ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಊರಿದು. ಪವನನ ದನಿ ಒರಟಾಗಿತ್ತು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಸಭಾಂಗಣದಲ್ಲಿ ಅಳದವರಿಲ್ಲ. ನಾನು ಮನೆಗೆ ಹೋಗಿ ಸ್ಮರಣ ಸಂಚಿಕೆಗೆ ಆ ವಾಕ್ಯ ಬರೆದೆ. ‘ಕೈಕಟ್ಟಿ ನಿಂತ ಆ ಬಾಲಕನ ವಿನಯವನ್ನು ನಮ್ಮ ಮಕ್ಕಳು ನೋಡಿ ಕಲಿಯಬೇಕು’ ಎಂದೂ ಸೇರಿಸಿದೆ.

ಅದೇ ವರ್ಷ ಟೀಚರ್ ಅಬುಧಾಬಿಯ ವಿಶ್ವವಿದ್ಯಾಲಯವೊಂದಕ್ಕೆ ಸೇರಿದರು. ಬೋಧನಾ ವಿಧಾನಗಳು ಮತ್ತು ಕಿವುಡರ ಶಿಕ್ಷಣ ಎಂಬ ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನ. ಶನಿವಾರ ಬೆಳಿಗ್ಗೆ ಘುಬೈಬಾ ನಿಲ್ದಾಣದಿಂದ ಬಸ್ಸು ಹಿಡಿಯುವರು, ಸಂಜೆ ಹಿಂದಿರುಗುವರು. “ನನ್ನ ವಿಧಾನಕ್ಕೆ ಒಂದು ಕಾಗದದ ಬಲ ಬೇಕು ರಾಯರೇ. ನಿಮಗೆ ಗೊತ್ತಿಲ್ವಾ, ಕಾಗದ ಇಲ್ಲದಿದ್ರೆ ಯಾರು ನಂಬ್ತಾರೆ?” ಎಂದು ಹೇಳಿ ನನ್ನನ್ನು ನಗಿಸಿದ್ದರು. ತಮ್ಮ ಕಾರ್ಯವನ್ನು ಸಮರ್ಥಿಸಿಕೊಳ್ಳಲೆಂದೇ ಅವರು ಓದಲು ಹೋದದ್ದು. ಇದನ್ನು ಮರೆಯಬಾರದು.

ಮೊದಲ ಸೆಮಿಸ್ಟರಿನಲ್ಲೇ ಬೋಧನಾ ವಿಧಾನದ ಪ್ರಾಧ್ಯಾಪಕರು ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ತರಗತಿಯ ಒಂದು ಗಂಟೆಯನ್ನು ವಿಡಿಯೊ ಮಾಡಬೇಕು. ಆಮೇಲೆ ಅದನ್ನು ನೋಡಿ ಕಾಗದದ ಮೇಲೆ ಮೂರು ಅಂಕಣಗಳಲ್ಲಿ ಬರೆಯಬೇಕು. ಶಿಕ್ಷಕ ಮಾಡಿದ್ದು ಮೊದಲನೆಯದರಲ್ಲಿ, ಮಗು ಉತ್ತರಿಸಿದ್ದು ಎರಡನೆಯದರಲ್ಲಿ, ಮಗು ತಾನಾಗಿ ಕೇಳಿದ್ದು ಅಥವಾ ಹೇಳಿದ್ದು ಮೂರನೆಯದರಲ್ಲಿ. ಟೀಚರ್ ಪವನನ ಪಾಠವನ್ನು ಹೆಮ್ಮೆಯಿಂದ ಆರಿಸಿಕೊಂಡರು. ಮೂರನೆಯ ಅಂಕಣದಲ್ಲಿ ಬರೆಯಲು ಏನೂ ಇರಲಿಲ್ಲ. ಮಾರನೆಯ ದಿನ ಇನ್ನೊಂದು ಗಂಟೆ ವಿಡಿಯೊ ಮಾಡಿದರು. ಅದೂ ಖಾಲಿ.

ವಿಶ್ವವಿದ್ಯಾಲಯದ ಅವರ ತರಗತಿಯಲ್ಲಿ ಶಾರ್ಜಾದ ಅರಬ್ ಯುವತಿಯೊಬ್ಬಳಿದ್ದಳು. ಅವಳು ಸ್ವತಃ ಕಿವುಡಿ, ಸಂಜ್ಞಾ ಭಾಷೆಯ ದುಭಾಷಿಯ ನೆರವಿನಿಂದ ಓದುತ್ತಿದ್ದಳು. ವಿಡಿಯೊ ನೋಡಿದವಳು, ನಾನು ಆ ಹುಡುಗನನ್ನು ನೋಡಬೇಕು ಎಂದಳು. ಮಿರ್ದಿಫ್‌ಗೆ ಬಂದಳು. ಆ ಮಧ್ಯಾಹ್ನ ಅಲ್ಲಿ ನಡೆದದ್ದನ್ನು ಟೀಚರ್ ಅಂದೇ ನನ್ನ ಅಂಗಡಿಗೆ ಬಂದು ಹೇಳಿದರು. ಗಿರಾಕಿಗಳಿದ್ದರು, ಟೀಚರಿಗೆ ಅದರ ಪರಿವೆ ಇರಲಿಲ್ಲ. ಅರ್ಜಿ ಬರೆಯುವ ಮೇಜಿನ ಮುಂದೆ ಕುಳಿತರು, ಆ ದಿನ ಮೊದಲ ಸಲ ಗೋಡೆಗೆ ಮುಖಮಾಡಿ.

“ಅವಳು ತನ್ನನ್ನು ತೋರಿಸಿ ತನ್ನ ಹೆಸರು ಕೈಯಲ್ಲಿ ಮಾಡಿದ್ಲು. ಮತ್ತೆ ಅವನ ಎದೆಗೆ ಬೆರಳಿಟ್ಟು, ನೀನು ಅಂತ ಕೇಳಿದ್ಲು. ಅವ ಕೂಡಲೇ ಕೈ ಕಟ್ಟಿದ. ‘ನನ್ನ ಹೆಸರು ಪವನ್’ ಅಂದ. ನಾನು ನಗಾಡಿದೆ ರಾಯರೇ, ನೋಡು ಅಂತ.”

“ಮತ್ತೆ?”

“ಮತ್ತೆ ಅವಳು ಕುರ್ಚಿ ತೋರಿಸಿದ್ಲು. ಅವ ಕೈ ಕಟ್ಟಿದ. ‘ನನ್ನ ಹೆಸರು ಪವನ್.’ ನೀರಿನ ಬಾಟ್ಲಿ ತೋರಿಸಿದ್ಲು. ‘ನನ್ನ ಹೆಸರು ಪವನ್.’ ಅವನ ಅಮ್ಮನ ಫೋಟೊ ಕೊಟ್ಟಳು. ‘ನನ್ನ ಹೆಸರು ಪವನ್.’ ಹೇಳ್ತಾ ಹೇಳ್ತಾ ಅವನ ಕಣ್ಣು ನನ್ನ ಚಾಕಲೇಟ್ ಡಬ್ಬಿ ಹುಡುಕ್ತಾ ಇತ್ತು.”

ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅವರೇ ಹೇಳಿದರು.

“ಒಂಬತ್ತು ವರ್ಷದ ಹುಡುಗ. ತನಗೆ ಒಂದು ಹೆಸರುಂಟು ಅಂತ ಗೊತ್ತಿಲ್ಲ. ಅಮ್ಮನಿಗೆ ಉಂಟು ಅಂತ ಗೊತ್ತಿಲ್ಲ. ವಸ್ತುಗಳಿಗೆ ಹೆಸರು ಅಂತ ಇರ್ತದೆ ಅಂತ್ಲೇ ಗೊತ್ತಿಲ್ಲ. ಕೈ ಕಟ್ಟಿ ಆ ಶಬ್ದ ಮಾಡಿದ್ರೆ ದೊಡ್ಡವರು ಬಿಡ್ತಾರೆ ಅಂತ ಮಾತ್ರ ಗೊತ್ತು. ನಾಲ್ಕು ವರ್ಷ ನಾನು ಕಲಿಸಿದ್ದು ಅಷ್ಟೇ.”

ಚಹಾ ತರಿಸಿದೆ, ಅವರು ಕುಡಿಯಲಿಲ್ಲ. ಬಾಗಿಲ ಬಳಿ ಒಂದು ಗಳಿಗೆ ನಿಂತು, “ಅವ ಸ್ಟೇಜಿನಲ್ಲಿ ಹೇಳುವಾಗ ನೀವೆಲ್ಲ ಅತ್ತಿದ್ದು ಎಂತಕ್ಕೆ?” ಎಂದು ಕೇಳಿ ಹೋದರು.

ಇನ್ನೊಬ್ಬರಾದರೆ ವಿಡಿಯೊ ಅಳಿಸಿ, ಬೇರೆ ಮಗುವನ್ನು ಆರಿಸಿಕೊಳ್ಳುತ್ತಿದ್ದರು. ಆರಿಸಿಕೊಳ್ಳಬಹುದಾದ ಮಕ್ಕಳೂ ಇದ್ದರು. ಯಂತ್ರದ ನೆರವಿನಿಂದ ಸ್ವಲ್ಪ ಕೇಳಿಸಿಕೊಂಡು, ಅರ್ಥ ತಿಳಿದೇ ಮಾತಾಡುತ್ತಿದ್ದ ಇಬ್ಬರು ಅದೇ ತರಗತಿಯಲ್ಲಿದ್ದರು. ಟೀಚರ್ ಹಾಗೆ ಮಾಡಲಿಲ್ಲ. ಪವನನ ತಾಯಿಗೆ ಎಲ್ಲವನ್ನೂ ಹೇಳಿಬಿಟ್ಟರು. ಮುಂದಿನ ವಾರ ಆ ತಾಯಿ ವೀಸಾ ನವೀಕರಣದ ಅರ್ಜಿ ಮಾಡಿಸಲು ನನ್ನಲ್ಲಿಗೆ ಬಂದಾಗ ಟೀಚರ್ ಅಲ್ಲೇ ಇದ್ದರು. ಇಬ್ಬರ ನಡುವೆ ನಡೆದದ್ದಕ್ಕೆ ನಾನೇ ಸಾಕ್ಷಿ.

“ಅವ ಮನೆಯಲ್ಲಿ ಕೈ ತೋರಿಸಿ ಎಂತಾದ್ರೂ ಕೇಳಿದ್ರೆ ನಾನು ಕೈಗೆ ಹೊಡಿತಿದ್ದೆ ಟೀಚರ್. ನೀವು ಹೇಳಿದ್ದಕ್ಕೆ. ಕೈ ಆಡಿಸ್ಲಿಕ್ಕೆ ಬಿಡ್ಬೇಡಿ, ಮಾತು ಬರುದಿಲ್ಲ ಅಂತ ಹೇಳಿದ್ದು ನೀವು. ಈಗ ಬಂದು ಕೈಯೇ ಮಾತು ಅಂತೀರಾ?”

“ಹೌದು. ನನ್ನದು ತಪ್ಪಾಯ್ತು.”

“ನಿಮ್ಮ ತಪ್ಪು ಬರೆದ್ರೆ ನಿಮಗೆ ಕಾಲೇಜಿನಲ್ಲಿ ಪಾಸ್ ಆಗ್ತದೆ. ನನ್ನ ಮಗನಿಗೆ?”

ಟೀಚರ್ ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತಂದರು. ಏನು ಮಾಡಬೇಕೆಂದು ತೋಚದೆ ಮೇಜಿನ ಮೇಲಿಟ್ಟರು. ಉಗುರುಗಳನ್ನು ತೀರಾ ಗಿಡ್ಡವಾಗಿ ಕತ್ತರಿಸಿದ ಆ ಕೈಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ನನಗೂ ಗೊತ್ತಿಲ್ಲ,” ಎಂದರು. “ನಾನೂ ಈಗ ಒಂದನೇ ಕ್ಲಾಸು. ಅವನ ಒಟ್ಟಿಗೆ ಕಲೀತೇನೆ. ನೀವೂ ಬನ್ನಿ.”

ತಾಯಿ ಬರಲಿಲ್ಲ. ಎರಡು ತಿಂಗಳು ಮಗನನ್ನೂ ಕಳಿಸಲಿಲ್ಲ. ಟೀಚರ್ ಮಾತ್ರ ಶಾರ್ಜಾಕ್ಕೆ ಹೋಗಿ ಆ ಯುವತಿಯ ಬಳಿ ಸಂಜ್ಞಾ ಭಾಷೆ ಕಲಿತರು. ನಲವತ್ತು ದಾಟಿದ ಬೆರಳುಗಳು ಮಣಿಯುತ್ತಿರಲಿಲ್ಲ. ಬಸ್ಸಿನಲ್ಲಿ ಅಭ್ಯಾಸ ಮಾಡುವಾಗ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರಂತೆ. ನನ್ನ ಅಂಗಡಿಯಲ್ಲಿ ಮಾತಿನ ಭರದಲ್ಲಿ ಕೈ ಬೀಸಿ ಒಂದು ಕಪ್ ಚಹಾವನ್ನು ಕೀಲಿಮಣೆಯ ಮೇಲೆ ಚೆಲ್ಲಿದರು. “ಖಲಾಸ್,” ಎಂದೆ. “ಮುಂಚೆಯೇ ನೀವು ವಾಸಿ ಇದ್ರಿ ಟೀಚರ್, ಕೈ ಹಿಂದೆ ಇತ್ತು.” ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಕೊನೆಗೆ ತಂದೆಯೇ ಪವನನನ್ನು ಕರೆತಂದರು. ಅವನಿಗೆ ಮೊದಲು ಸಿಕ್ಕಿದ್ದು ತಾಯಿಯ ಹೆಸರು. ಮೂಗಿನ ಎಡಬದಿಯನ್ನು ಎರಡು ಬೆರಳುಗಳಿಂದ ಹಿಡಿಯುವುದು, ಮೂಗುತಿಯ ಜಾಗದಲ್ಲಿ. ಅವನು ಮನೆಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಯನ್ನು ತೋರಿಸಿ ಆ ಹೆಸರನ್ನು ಮಾಡಿದನಂತೆ. ಮರುವಾರದಿಂದ ತಾಯಿಯೂ ಬಂದರು. ಮುಂದೆ ಒಂದು ಶುಕ್ರವಾರ ದೇರಾದ ಮೀನು ಮಾರುಕಟ್ಟೆಯಲ್ಲಿ ಅವರಿಬ್ಬರನ್ನು ಕಂಡೆ. ಹುಡುಗ ಬಂಗುಡೆಯ ರಾಶಿಯಿಂದ ಅಂಜಲ್ ಮೀನಿಗೆ, ಅಲ್ಲಿಂದ ಸಿಗಡಿಗೆ ತಾಯಿಯನ್ನು ಎಳೆದೊಯ್ಯುತ್ತ ಪ್ರತಿಯೊಂದಕ್ಕೂ ಹೆಸರು ಕೇಳುತ್ತಿದ್ದ. ತಾಯಿಗೆ ಅರ್ಧಕ್ಕರ್ಧ ತಿಳಿಯದು. “ಇವ ನನ್ನನ್ನು ಮಾರ್ಕೆಟಿನಲ್ಲಿ ಫೇಲ್ ಮಾಡ್ತಾನೆ ರಾಯರೇ,” ಎಂದರು ಆಕೆ, ಚೀಲ ಹಿಡಿದ ಕೈಯಲ್ಲೇ ಏನೋ ಸಂಜ್ಞೆ ಮಾಡುತ್ತ.

ಹಾಗೆಂದು ಎಲ್ಲವೂ ಸರಿಹೋಯಿತು ಎಂದು ಬರೆದರೆ ನಾನು ಮತ್ತೊಂದು ಸುಳ್ಳು ಬರೆದಂತೆ. ಒಂಬತ್ತು ವರ್ಷ ಭಾಷೆಯಿಲ್ಲದೆ ಕಳೆದುದನ್ನು ಯಾರೂ ತುಂಬಿಕೊಡಲಾರರು. ಓದಿನಲ್ಲಿ ಅವನು ಕೊನೆಯವರೆಗೂ ಹಿಂದೆಯೇ ಉಳಿದ. “ನಾಲ್ಕು ವರ್ಷ ನಾನು ತಿಂದೆ,” ಎನ್ನುತ್ತಿದ್ದರು ಟೀಚರ್. ಸಮಾಧಾನ ಹೇಳಲು ಹೋದವರ ಮೇಲೆ ಸಿಡುಕುತ್ತಿದ್ದರು.

ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ ಆ ನಾಲ್ಕು ವರ್ಷಗಳೇ. ಮಾರ್ಗದರ್ಶಕರು, ‘ಶಿಕ್ಷಕಿಯು ಹೀಗೆ ಮಾಡಿದಳು’ ಎಂದು ಬರೆಯಿರಿ, ಶೈಕ್ಷಣಿಕ ಬರವಣಿಗೆಯ ರೀತಿ ಅದು ಎಂದರಂತೆ. ಇವರು ‘ನಾನು’ ಎಂದೇ ಬರೆಯುತ್ತೇನೆಂದು ಹಟ ಹಿಡಿದರು. ಎರಡು ವರ್ಷದ ಪದವಿ ನಾಲ್ಕು ವರ್ಷಕ್ಕೆ ಮುಗಿಯಿತು. ಸಾಧಾರಣ ದರ್ಜೆ. ಅಂಕಪಟ್ಟಿಯ ಪ್ರತಿ ತೆಗೆದವನು ನಾನು. ಚಿನ್ನದ ಪದಕ ಎಲ್ಲಿಂದ ಬಂತೋ ಶೆಟ್ಟರೇ ಹೇಳಬೇಕು.

ಪ್ರಬಂಧದ ಮೊದಲಲ್ಲಿ ಅರಬ್ಬಿ ಸಾರಾಂಶವೊಂದು ಇರಬೇಕೆಂಬ ನಿಯಮವಿತ್ತು. ಶಾರ್ಜಾದ ಯುವತಿ ಬರೆದುಕೊಟ್ಟದ್ದನ್ನು ನಾನು ಟೈಪು ಮಾಡುತ್ತಿದ್ದೆ. ಟೀಚರ್ ಪರದೆಯ ಮೇಲೆ ಬೆರಳಿಟ್ಟರು. ಅವರಿಗೂ ಅಷ್ಟರಲ್ಲಿ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು.

“ಇಲ್ಲಿ ಎರಡನೇ ಶಬ್ದ ಎಲ್ಲಿಂದ ಬಂತು? ಅವಳು ಬರೆದದ್ದು ಒಂದೇ.”

“ನನ್ನ ಬೆರಳಿನ ಅಭ್ಯಾಸ ಟೀಚರ್. ಹಳೇ ಫಾರ್ಮುಗಳಲ್ಲಿ ಜೋಡಿಯಾಗಿಯೇ ಬರುದು. ಕಿವುಡ, ಮೂಗ.”

“ಕಿವುಡ ಇರ್ಲಿ, ಅದು ಬೈಗುಳ ಅಲ್ಲ. ಮೂಗ ತೆಗೀರಿ, ಅದು ಸುಳ್ಳು.” ತೆಗೆದೆ. ಅವರು ಪರದೆಯಿಂದ ನನ್ನ ಕಡೆ ತಿರುಗಿದರು. “ಹಾಗೇ ಸಂಚಿಕೆಯಲ್ಲಿ ಬರೆದದ್ದನ್ನೂ ತೆಗೀರಿ ರಾಯರೇ. ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ. ಜನ ಅದನ್ನು ಓದಿ ತಮ್ಮ ಮಕ್ಕಳ ಕೈ ಕಟ್ಟಿಸ್ತಾರೆ.”

ಆಗಲಿ ಎಂದೆ. ಹಾಕಲಿಲ್ಲ.

ಕಾರಣ ಹೇಳಬೇಕು. ಆ ವಾಕ್ಯ ಜನರಿಗೆ ಹಿಡಿಸಿತ್ತು. ಏಳನೆಯ ತರಗತಿ ಓದಿದವನ ಸಾಲನ್ನು ವೇದಿಕೆಗಳಲ್ಲಿ ಉದ್ಧರಿಸುತ್ತಿದ್ದರು. ಮೊದಲ ವರ್ಷ ಪುಟವಿಲ್ಲವೆಂದುಕೊಂಡೆ, ಎರಡನೆಯ ವರ್ಷ ಯಾರಿಗೂ ನೆನಪಿರಲಾರದು ಎಂದುಕೊಂಡೆ. ಟೀಚರ್ ಇನ್ನೊಮ್ಮೆ ಕೇಳಲಿಲ್ಲ. ಕಾಯಿಲೆ ಬಿದ್ದು ಊರಿಗೆ ಹೊರಟಾಗ ಕೂಡ ಕೇಳಲಿಲ್ಲ.

ಶೋಕಸಭೆಯ ಮರುದಿನ ಹಳೆಯ ಸಂಚಿಕೆಯನ್ನು ಕೈಯಲ್ಲಿ ಹಿಡಿದು ಜುಮೇರಾ ಲೇಕ್ ಟವರ್ಸ್‌ಗೆ ಹೋದೆ. ಪವನನಿಗೀಗ ಇಪ್ಪತ್ತೊಂದು. ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಕೆಲಸ. ಕೆಳಗಿನ ಕೆಫೆಟೇರಿಯಾದಲ್ಲಿ ಬೆಳಕಿಗೆ ಎದುರಾಗಿ ಕುಳಿತೆ, ಅಷ್ಟನ್ನಾದರೂ ಕಲಿತಿದ್ದೆ. ಹೇಳಬೇಕಾದುದನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ: ಪ್ರಶಸ್ತಿ, ವೇದಿಕೆ, ಕೈಕಟ್ಟಿ ನಿಂತು ಅದೇ ವಾಕ್ಯ. ಸಂಚಿಕೆಯಲ್ಲಿ ಅಚ್ಚಾಗಿದ್ದ, ಅಂದು ವೇದಿಕೆಯ ಮೇಲೆ ನಿಂತ ತನ್ನ ಫೋಟೊವನ್ನು ಅವನು ತುಂಬಾ ಹೊತ್ತು ನೋಡಿದ. ಆಮೇಲೆ ಫೋನಿನಲ್ಲಿ ಬರೆದು ನನ್ನತ್ತ ತಿರುಗಿಸಿದ. ಅದರ ಅರ್ಥವಿಷ್ಟು: ‘ಈ ಹುಡುಗನಿಗೆ ತಾನು ಎಲ್ಲಿದ್ದೇನೆಂದು ಗೊತ್ತಿಲ್ಲ. ಜನ ಅಳುತ್ತಿದ್ದಾರೆ, ನಾನೇನೋ ತಪ್ಪು ಮಾಡಿದೆ ಎಂದು ಅಂಜಿದ್ದಾನೆ.’

ನಾವು ಅದನ್ನು ವಿನಯವೆಂದು ಅಚ್ಚು ಹಾಕಿಸಿದ್ದೆವು.

ವೇದಿಕೆಗೆ ಬರುವೆಯಾ ಎಂದು ಬರೆದೆ. ‘ಬರುತ್ತೇನೆ. ಆ ವಾಕ್ಯ ಹೇಳುವುದಿಲ್ಲ. ಅವರ ಹೆಸರು ಹೇಳುತ್ತೇನೆ,’ ಎಂದು ಉತ್ತರ ಬಂತು. ಯಾವ ಹೆಸರು ಎಂಬಂತೆ ಹುಬ್ಬೇರಿಸಿದೆ. ಅವನು ಫೋನನ್ನು ಕೆಳಗಿಟ್ಟ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿದ, ಫೋಟೊದಲ್ಲಿ ಇದ್ದಂತೆಯೇ, ಕಂಕುಳಿಗೆ ಸೇರಿಸಿ. ಮತ್ತೆ ಬಿಡಿಸಿ, ಅಂಗೈ ಮೇಲಾಗಿ ಎರಡೂ ಕಡೆ ಚಾಚಿದ. ಅದು ಅವರ ಹೆಸರು. ಹತ್ತನೆಯ ವಯಸ್ಸಿನಲ್ಲಿ ಅವನೇ ಇಟ್ಟದ್ದು. ಅವರ ಎಲ್ಲ ಮಕ್ಕಳೂ ಕೊನೆಯವರೆಗೆ ಅವರನ್ನು ಕರೆದದ್ದು ಹಾಗೆಯೇ. ಈ ಬರಹದಲ್ಲಿ ಅವರ ಹೆಸರು ಏಕಿಲ್ಲವೆಂದು ಕೇಳುವವರಿಗೆ ಇದೇ ಉತ್ತರ. ಅದನ್ನು ಟೈಪು ಮಾಡಲು ಬರುವುದಿಲ್ಲ.

ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಒಮ್ಮೆ ನಂಬಿ ಆದದ್ದೇ ಸಾಕು. ಪ್ರಬಂಧ ಅಬುಧಾಬಿಯ ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, ಕೇಳಿದವರಿಗೆ ತೆಗೆದುಕೊಡುತ್ತಾರೆ. ಹಿಂಬದಿಯ ಅನುಬಂಧದಲ್ಲಿ ಆ ಎರಡು ಗಂಟೆಗಳ ಪಾಠವಿದೆ, ಮೂರು ಅಂಕಣಗಳಲ್ಲಿ. ಮೊದಲ ಅಂಕಣ ಕಿಕ್ಕಿರಿದು ತುಂಬಿದೆ. ಎರಡನೆಯದರಲ್ಲಿ ಒಂದೇ ವಾಕ್ಯ ಮೇಲಿನಿಂದ ಕೆಳಗಿನವರೆಗೆ ಬಂದಿದೆ. ಮೂರನೆಯದನ್ನು ಶೆಟ್ಟರೂ ಸಮಿತಿಯವರೂ ಪ್ರಶಸ್ತಿ ಫಲಕಕ್ಕೆ ಅಕ್ಷರ ಕೆತ್ತಿಸುವ ಮೊದಲು ಒಮ್ಮೆ ನೋಡಿಬರಲಿ.